ಜಗತ್ತಿನ ಅತ್ಯುತ್ತಮ ಅಥ್ಲೀಟ್‌ಗಳೆಲ್ಲ ಫುಟ್‌ಬಾಲ್‌ಗೇ ಹೋಗ್ತಾರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಬೇರೆ ಆಟದ ಅಭಿಮಾನಿಗಳು ಒಟ್ಟಿಗೆ ಕೂತರೆ ಈ ಜಗಳ ಶುರುವಾಗದೆ ಇರುವುದಿಲ್ಲ. ಒಬ್ಬರು ಮೆಸ್ಸಿ ಅಂತಾರೆ, ಇನ್ನೊಬ್ಬರು ಬ್ಯಾಸ್ಕೆಟ್‌ಬಾಲ್‌ನ ಲೆಬ್ರಾನ್ ಅಂತಾರೆ, ಮೂರನೆಯವರು ಬೋಲ್ಟ್ ಹೆಸರು ತೆಗೆದು ಇಬ್ಬರ ಬಾಯಿಯನ್ನೂ ಮುಚ್ಚಿಸಲು ನೋಡ್ತಾರೆ. ಆ ಜಗಳದಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಫುಟ್‌ಬಾಲ್ ಅಂದಾಗ ಹನ್ನೊಂದು ಜನ ಕಾಲಲ್ಲಿ ಆಡುವ ಆಟ ಅಂತಲೇ ತಿಳಿದುಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ಆಡುವ ಆಟಕ್ಕೆ ಅಮೆರಿಕನ್ ಫುಟ್‌ಬಾಲ್ ಅಂತ ಪೂರ್ತಿ ಹೆಸರನ್ನೇ ಬಳಸಿದ್ದೇನೆ.

ಸುತ್ತಿ ಬಳಸಿ ಹೇಳೋದು ಬೇಡ. ಹೌದಾ, ಇಲ್ಲವಾ?

ಅರ್ಧ ಹೌದು. ಜಗತ್ತಿನ ಬಹುಪಾಲು ದೇಶಗಳಲ್ಲಿ ಚುರುಕಾಗಿರುವ ಹುಡುಗನ ಕಾಲಿಗೆ ಮೊದಲು ಸಿಗುವುದೇ ಫುಟ್‌ಬಾಲ್. 2006ರಲ್ಲಿ ಈ ಆಟದ ಜಾಗತಿಕ ಸಂಸ್ಥೆ ಫಿಫಾ ಲೆಕ್ಕ ಹಾಕಿಸಿದಾಗ ಈ ಆಟ ಆಡುವವರು ಸುಮಾರು 26.5 ಕೋಟಿ ಜನ ಇದ್ದರು. ಈಗ ಫಿಫಾದಲ್ಲಿ 211 ಸದಸ್ಯ ಸಂಘಗಳಿವೆ. ಬೇರೆ ಯಾವ ತಂಡದ ಆಟಕ್ಕೂ ಇಷ್ಟು ದೊಡ್ಡ ಗುಂಪಿನಿಂದ ಆರಿಸಿಕೊಳ್ಳುವ ಭಾಗ್ಯ ಇಲ್ಲ. ಮಕ್ಕಳ ಮೇಲೆ ಮೊದಲ ಹಕ್ಕು ಫುಟ್‌ಬಾಲ್‌ನದ್ದು ಅಂದರೂ ತಪ್ಪಿಲ್ಲ.

ಇನ್ನರ್ಧ ಯಾಕೆ ಇಲ್ಲ ಅಂದರೆ, ಆ ಹಕ್ಕನ್ನು ಫುಟ್‌ಬಾಲ್ ಬಳಸುವ ರೀತಿಯೇ ಬೇರೆ. ಯಾರು ಎಲ್ಲರಿಗಿಂತ ಜೋರಾಗಿ ಓಡ್ತಾರೆ, ಯಾರು ಎಲ್ಲರಿಗಿಂತ ಎತ್ತರ ಜಿಗೀತಾರೆ ಅಂತ ಅದು ಮೊದಲು ಕೇಳುವುದಿಲ್ಲ. ಚೆಂಡು ಕಾಲಿಗೆ ಬರುವ ಹೊತ್ತಿಗೆ ಎದುರಾಳಿ ಬೆನ್ನಿಗೆ ಅಂಟಿಕೊಂಡಿದ್ದರೆ ಈ ಹುಡುಗ ಏನು ಮಾಡ್ತಾನೆ ಅಂತ ನೋಡುತ್ತದೆ. ಓಟ, ಜಿಗಿತ, ಶಕ್ತಿಯ ಲೆಕ್ಕ ಆಮೇಲೆ. ಹಾಗಾಗಿ ಸ್ಟಾಪ್‌ವಾಚ್ ಮತ್ತು ಅಳತೆ ಪಟ್ಟಿ ಹಿಡಿದು ಹೋದರೆ ಜಗತ್ತಿನ ಅತಿ ವೇಗದವರು, ಅತಿ ಎತ್ತರದವರು, ಅತಿ ಬಲಶಾಲಿಗಳು ಬೇರೆ ಆಟಗಳಲ್ಲೇ ಸಿಗುತ್ತಾರೆ.

ಉಸೇನ್ ಬೋಲ್ಟ್ ಫುಟ್‌ಬಾಲ್ ಆಡಿದ್ದರೆ ಏನಾಗುತ್ತಿತ್ತು?

ಆಡಿ ನೋಡಿದರು. 2018ರಲ್ಲಿ ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಕ್ಲಬ್‌ನಲ್ಲಿ ಟ್ರಯಲ್‌ಗೆ ಸೇರಿಕೊಂಡರು. 100 ಮೀಟರ್‌ನ 9.58 ಸೆಕೆಂಡ್ ದಾಖಲೆಯ ಗುರುತಿಗೆ 95ನೇ ನಂಬರಿನ ಅಂಗಿ ತೊಟ್ಟರು. ಅಕ್ಟೋಬರ್‌ನಲ್ಲಿ ಒಂದು ಅಭ್ಯಾಸ ಪಂದ್ಯದಲ್ಲಿ ಎರಡು ಗೋಲನ್ನೂ ಹೊಡೆದರು. ಆದರೂ ಒಪ್ಪಂದದ ಮಾತು ಕುದುರಲಿಲ್ಲ. ನವೆಂಬರ್ ಹೊತ್ತಿಗೆ ಕಥೆ ಮುಗಿದಿತ್ತು.

ಆಗ ಅವರಿಗೆ 32 ವರ್ಷ, ಅದನ್ನು ಮರೆಯಬಾರದು. ಆದರೆ ತೊಡಕು ವಯಸ್ಸಿನದ್ದು ಮಾತ್ರ ಅಲ್ಲ. ಬೋಲ್ಟ್ ತಮ್ಮ ಪೂರ್ತಿ ವೇಗ ಮುಟ್ಟುತ್ತಿದ್ದದ್ದು 60 ಮೀಟರ್ ದಾಟಿದ ಮೇಲೆ. ಬರ್ಲಿನ್‌ನಲ್ಲಿ 2009ರಲ್ಲಿ 60ರಿಂದ 80 ಮೀಟರ್ ನಡುವಿನ ತುಂಡನ್ನು 1.61 ಸೆಕೆಂಡಿನಲ್ಲಿ ಓಡಿದರು, ಅಂದರೆ ಗಂಟೆಗೆ 44 ಕಿ.ಮೀ.ಗೂ ಜಾಸ್ತಿ. ಫುಟ್‌ಬಾಲ್‌ನಲ್ಲಿ ಅಷ್ಟು ದೂರ ನೇರವಾಗಿ ಓಡಲು ಜಾಗ ಯಾರು ಬಿಡ್ತಾರೆ? ಅಲ್ಲಿನ ಹೆಚ್ಚಿನ ಸ್ಪ್ರಿಂಟ್‌ಗಳು 20 ಮೀಟರಿನ ಒಳಗೇ ಮುಗಿಯುತ್ತವೆ. ಎರಡು ಮೂರು ಸೆಕೆಂಡ್ ಓಟ, ಗಕ್ಕನೆ ನಿಲ್ಲುವುದು, ತಿರುಗುವುದು, ಉಸಿರು ಪೂರ್ತಿ ತಹಬಂದಿಗೆ ಬರುವ ಮೊದಲೇ ಮತ್ತೆ ಓಟ. ಇದನ್ನೇ ಒಂದೂವರೆ ಗಂಟೆ ಮಾಡಬೇಕು.

ಇದಕ್ಕೆ ಇನ್ನೊಂದು ಒಳ್ಳೆ ಸಾಕ್ಷಿ ಇದೆ. 2011ರಲ್ಲಿ ಟಿವಿಗಾಗಿ ಮಾಡಿದ ಒಂದು ಪರೀಕ್ಷೆಯಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಸ್ಪೇನ್‌ನ ಸ್ಪ್ರಿಂಟರ್ ಏಂಜೆಲ್ ಡೇವಿಡ್ ರೊಡ್ರಿಗಸ್ ಜೊತೆ ಓಡಿಸಿದರು. ನೇರ 25 ಮೀಟರ್ ಓಟದಲ್ಲಿ ರೊನಾಲ್ಡೊ ಸೋತರು. ಅಂಕುಡೊಂಕಾಗಿ ಓಡಿ ಅಂದಾಗ ಅದೇ ಸ್ಪ್ರಿಂಟರ್‌ನನ್ನು ಆರಾಮಾಗಿ ಹಿಂದೆ ಹಾಕಿದರು. ಇಬ್ಬರಲ್ಲಿ ಯಾರು ದೊಡ್ಡ ಅಥ್ಲೀಟ್ ಅಂತ ಈಗ ನೀವೇ ಹೇಳಿ ನೋಡೋಣ.

ಹಾಗಾದರೆ ಫುಟ್‌ಬಾಲ್ ಆಟಗಾರರ ಮೈಕಟ್ಟು, ದಮ್ಮು ಎಲ್ಲ ಯಾವ ಮಟ್ಟದ್ದು?

ಎಲ್ಲದರಲ್ಲೂ ತುಂಬಾ ಚೆನ್ನಾಗಿದೆ, ಯಾವುದರಲ್ಲೂ ಜಗತ್ತಿಗೇ ಮೊದಲಲ್ಲ. ಇದೇ ಸರಿಯಾದ ಉತ್ತರ.

ಒಂದು ಪಂದ್ಯದಲ್ಲಿ ಮೈದಾನದ ಆಟಗಾರ ಸಾಮಾನ್ಯವಾಗಿ 10ರಿಂದ 12 ಕಿ.ಮೀ. ಓಡಾಡುತ್ತಾನೆ. ಅದರಲ್ಲಿ ನಡಿಗೆ, ನಿಧಾನ ಓಟವೇ ಬಹುಪಾಲು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಅಳೆದರೆ, ದೊಡ್ಡ ಲೀಗ್‌ನ ಆಟಗಾರರು ಸಾಮಾನ್ಯವಾಗಿ 55ರಿಂದ 65ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಇದು ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಅನ್ನುವ ಲೆಕ್ಕ. ಹಿಮದ ಮೇಲೆ ದೂರದ ಸ್ಕೀ ಓಟ ಓಡುವವರಲ್ಲಿ, ದೊಡ್ಡ ಸೈಕ್ಲಿಸ್ಟ್‌ಗಳಲ್ಲಿ ಇದು 80 ದಾಟುತ್ತದೆ. ವೇಗದ ವಿಚಾರಕ್ಕೆ ಬಂದರೆ ಟಾಟನ್‌ಹ್ಯಾಮ್‌ನ ಡಿಫೆಂಡರ್ ಮಿಕಿ ವಾನ್ ಡೆ ವೆನ್ 2024ರಲ್ಲಿ ಪ್ರೀಮಿಯರ್ ಲೀಗ್ ಪಂದ್ಯವೊಂದರಲ್ಲಿ ಗಂಟೆಗೆ 37.38 ಕಿ.ಮೀ. ಮುಟ್ಟಿದರು. ಬೂಟು ಹಾಕಿಕೊಂಡು, ಹುಲ್ಲಿನ ಮೇಲೆ, ಆಟದ ನಡುವೆ. ಒಲಿಂಪಿಕ್ ಫೈನಲ್‌ಗೆ ಅದು ಸಾಲದು. ಆದರೆ ನಮ್ಮ ನಿಮ್ಮಂಥವರು ಅವರ ಬೆನ್ನು ನೋಡುವಷ್ಟು ಹೊತ್ತೂ ಹತ್ತಿರ ಇರುವುದಿಲ್ಲ.

ಜಿಗಿತದಲ್ಲೂ ಅಪರೂಪಕ್ಕೆ ಬೆರಗಾಗುವಂಥದ್ದು ಕಾಣುತ್ತದೆ. 2019ರ ಡಿಸೆಂಬರ್‌ನಲ್ಲಿ ಸ್ಯಾಂಪ್‌ಡೋರಿಯಾ ವಿರುದ್ಧ ರೊನಾಲ್ಡೊ ಹೊಡೆದ ಹೆಡರ್ ನೆನಪಿದೆಯಾ? ತಲೆ ಚೆಂಡಿಗೆ ತಾಗಿದಾಗ ನೆಲದಿಂದ 2.56 ಮೀಟರ್ ಮೇಲಿತ್ತು. ಗೋಲ್ ಕಂಬದ ಅಡ್ಡಪಟ್ಟಿ ಇರುವುದೇ 2.44 ಮೀಟರ್ ಎತ್ತರದಲ್ಲಿ. ಕಾವಲಿಗಿದ್ದ ಡಿಫೆಂಡರ್ ಪಾಪ ಕೆಳಗೇ ಉಳಿದರು.

ಮೆಸ್ಸಿ, ಮರಡೋನ ಅವರನ್ನು ಅಥ್ಲೀಟ್ ಅಂತ ಕರೆಯಬಹುದಾ?

ಯಾಕೆ ಕರೆಯಬಾರದು? ಮೆಸ್ಸಿ ಎತ್ತರ 170 ಸೆಂ.ಮೀ. ಚಿಕ್ಕಂದಿನಲ್ಲಿ ಬೆಳವಣಿಗೆಯ ಹಾರ್ಮೋನ್ ಕೊರತೆ ಇತ್ತು, ಬಾರ್ಸಿಲೋನಾ ಕ್ಲಬ್ ಚಿಕಿತ್ಸೆಯ ಖರ್ಚು ವಹಿಸಿಕೊಂಡಿತು. ಮರಡೋನ ಇನ್ನೂ ಕುಳ್ಳ, 165 ಸೆಂ.ಮೀ. ಅಮೆರಿಕನ್ ಫುಟ್‌ಬಾಲ್‌ನ ಆಯ್ಕೆ ಶಿಬಿರದಲ್ಲಿ ತೂಕ ಎತ್ತಿಸಿ, ಜಿಗಿಸಿ, 40 ಗಜ ಓಡಿಸಿ ನೋಡಿದ್ದರೆ ಇಬ್ಬರನ್ನೂ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು.

ಆದರೆ ಓಟದ ಪೂರ್ತಿ ವೇಗದಲ್ಲಿ ಒಂದು ಹೆಜ್ಜೆಯೊಳಗೆ ದಿಕ್ಕು ಬದಲಿಸುವುದು, ಭುಜಕ್ಕೆ ಭುಜ ತಾಗಿದರೂ ಬೀಳದಿರುವುದು, ಅದೇ ಹೊತ್ತಲ್ಲಿ ಚೆಂಡು ಕಾಲಿನಿಂದ ಗೇಣು ದೂರ ಹೋಗದಂತೆ ನೋಡಿಕೊಳ್ಳುವುದು, ಇವೂ ದೇಹ ಮಾಡುವ ಕೆಲಸಗಳೇ. ಅಳೆಯಲು ಯಂತ್ರ ಸಿಗದ ಮಾತ್ರಕ್ಕೆ ಅವು ಲೆಕ್ಕಕ್ಕೆ ಇಲ್ಲ ಅನ್ನಲಾಗದು. 2014ರಲ್ಲಿ ಜಪಾನಿನ ಸಂಶೋಧಕರು ನೇಮಾರ್ ಅವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಪಾದ ತಿರುಗಿಸುವಾಗ ಅವರ ಮೆದುಳಿನ ಚಲನೆಯ ಭಾಗದಲ್ಲಿ ಬೇರೆ ಆಟಗಾರರಿಗಿಂತ ಕಮ್ಮಿ ಚಟುವಟಿಕೆ ಕಂಡಿತು. ಉಳಿದವರು ಕಷ್ಟಪಟ್ಟು ಮಾಡುವುದನ್ನು ಅವರ ಮೆದುಳು ಸಲೀಸಾಗಿ ಮಾಡಿ ಮುಗಿಸುತ್ತದೆ ಅಂತ ಅದರ ಅರ್ಥ ಇರಬಹುದು. ಒಬ್ಬರ ಮೇಲೆ ಮಾಡಿದ ಪರೀಕ್ಷೆ, ಜಾಸ್ತಿ ಹಿಗ್ಗಿಸುವುದು ಬೇಡ.

ಅಳತೆಗೆ ಸಿಗದ್ದು ಅಂತೀರಲ್ಲ, ಒಂದು ಉದಾಹರಣೆ ಕೊಡಿ.

1998ರ ಜುಲೈ 4, ಮಾರ್ಸೇ. ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್, ಅರ್ಜೆಂಟೀನಾ 1-1. ಪಂದ್ಯ ಮುಗಿಯಲು ಇನ್ನೇನು ಕ್ಷಣಗಳಿವೆ. ಫ್ರಾಂಕ್ ಡಿ ಬೋರ್ ತಮ್ಮ ಅರ್ಧದಿಂದ ಎತ್ತಿ ಹೊಡೆದ ಚೆಂಡು ಅರ್ಧ ಮೈದಾನಕ್ಕೂ ಜಾಸ್ತಿ ದೂರ ಹಾರಿ ಬರುತ್ತಿದೆ. ಡೆನಿಸ್ ಬರ್ಗ್‌ಕಾಂಪ್ ಓಡುತ್ತಲೇ, ಕತ್ತು ತಿರುಗಿಸಿ ಚೆಂಡು ನೋಡುತ್ತಲೇ ಬಲಗಾಲು ಮೇಲೆತ್ತುತ್ತಾರೆ. ಮೊದಲ ಟಚ್‌ಗೆ ಚೆಂಡು ಸತ್ತ ಹಾಗೆ ಕೆಳಗಿಳಿಯುತ್ತದೆ. ಎರಡನೆಯ ಟಚ್‌ಗೆ ಡಿಫೆಂಡರ್ ಆಯಾಲಾ ಅವರ ಕಾಲಿನ ನಡುವೆ ಒಳಕ್ಕೆ ಜಾರುತ್ತದೆ. ಮೂರನೆಯದು ಪಾದದ ಹೊರಮೈಯಿಂದ, ಗೋಲ್.

ಮೂರೂ ಟಚ್ ಅದೇ ಬಲಗಾಲಿನದ್ದು. ಇದರಲ್ಲಿ ಅಳೆಯುವಂಥದ್ದು ಏನಿದೆ? ಓಟ ಅಂಥ ವೇಗದ್ದಲ್ಲ. ಜಿಗಿತ ಅಷ್ಟೇನೂ ಎತ್ತರದ್ದಲ್ಲ. ಆದರೆ ಗಾಳಿಯಲ್ಲಿ ಬರುವ ಚೆಂಡು ಎಲ್ಲಿ ಇಳಿಯುತ್ತದೆ, ಎದುರಾಳಿ ಯಾವ ಕಾಲ ಮೇಲೆ ಭಾರ ಹಾಕಿದ್ದಾನೆ, ಗೋಲ್‌ಕೀಪರ್ ಎಲ್ಲಿದ್ದಾನೆ, ಈ ಮೂರನ್ನೂ ಓಡುತ್ತಲೇ ಲೆಕ್ಕ ಹಾಕಿ ಕಾಲಿಗೆ ಹೇಳಬೇಕು. ಫುಟ್‌ಬಾಲ್ ಹುಡುಕುವುದು ಈ ಜಾತಿಯ ಪ್ರತಿಭೆಯನ್ನು. ಅದು ವೇಗದ ಓಟಗಾರನಲ್ಲೂ ಇರಬಹುದು, ಇಲ್ಲದೆಯೂ ಇರಬಹುದು.

ಅಮೆರಿಕದ ದೊಡ್ಡ ಅಥ್ಲೀಟ್‌ಗಳೆಲ್ಲ ಫುಟ್‌ಬಾಲ್ ಆಡಿದ್ದರೆ ವಿಶ್ವಕಪ್ ಅವರದ್ದೇ ಅಲ್ವಾ?

ಈ ವಾದ ಕೇಳಿ ಕೇಳಿ ಸಾಕಾಗಿದೆ, ಆದರೂ ಉತ್ತರ ಕೊಡಲೇಬೇಕು. ವಾದ ಹೀಗೆ: 33 ಕೋಟಿ ಜನರ ದೇಶ, ಆದರೆ ಅಲ್ಲಿನ ಒಳ್ಳೊಳ್ಳೆ ಹುಡುಗರನ್ನು ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಎತ್ತಿಕೊಂಡು ಹೋಗುತ್ತವೆ. ಉಳಿದವರು ಫುಟ್‌ಬಾಲ್‌ಗೆ ಬರುತ್ತಾರೆ. ಅದಕ್ಕೇ 2018ರ ವಿಶ್ವಕಪ್‌ಗೆ ಅರ್ಹತೆಯೂ ಸಿಗಲಿಲ್ಲ.

ಇದರಲ್ಲಿ ಸ್ವಲ್ಪ ಸತ್ಯ ಇದೆ. ಪ್ರತಿಭೆ ಹಂಚಿಹೋಗುವುದು ನಿಜ. ಆದರೆ ಆ ಅರ್ಹತೆ ಕೈತಪ್ಪಿದ್ದು ಯಾರ ಎದುರು ಅಂತ ನೋಡಿ. 2017ರ ಅಕ್ಟೋಬರ್‌ನಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ಅನ್ನುವ ಪುಟ್ಟ ದೇಶ ಅಮೆರಿಕವನ್ನು 2-1ರಿಂದ ಸೋಲಿಸಿತು. ಅಲ್ಲಿನ ಜನಸಂಖ್ಯೆ 15 ಲಕ್ಷವೂ ಇಲ್ಲ. ಅಮೆರಿಕದಲ್ಲಿ ಉಳಿದುಬಿದ್ದವರೇ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇನ್ನು ಲೆಬ್ರಾನ್ ಜೇಮ್ಸ್. ಎತ್ತರ 206 ಸೆಂ.ಮೀ. ಅಂಥ ದೇಹ ಫುಟ್‌ಬಾಲ್‌ನಲ್ಲಿ ಹಗುರಾಗಿ ತಿರುಗಬೇಕು ಅಂದರೆ ಕಷ್ಟ. ಇಂಗ್ಲೆಂಡ್‌ನ ಪೀಟರ್ ಕ್ರೌಚ್ 201 ಸೆಂ.ಮೀ. ಇದ್ದರು, ಚೆನ್ನಾಗಿಯೇ ಆಡಿದರು, ಆದರೆ ಅಂಥವರು ಬೆರಳೆಣಿಕೆ. ಅಮೆರಿಕನ್ ಫುಟ್‌ಬಾಲ್‌ನ ಲೈನ್‌ಮನ್‌ಗಳು 130 ಕಿಲೋಗೂ ಹೆಚ್ಚು ತೂಗುತ್ತಾರೆ. ಅವರನ್ನು ಯಾವ ಫುಟ್‌ಬಾಲ್ ಕೋಚ್ ಕೇಳುತ್ತಾನೆ? ನಿಜವಾಗಿ ಫುಟ್‌ಬಾಲ್ ಕಳೆದುಕೊಳ್ಳುವುದು ಅಲ್ಲಿನ ನಡುಎತ್ತರದ, ಚಿರತೆಯಂಥ ಕಾಲಿನ ಹುಡುಗರನ್ನು. ಅಂಥವರು ಖಂಡಿತ ಇದ್ದಾರೆ. ಆದರೆ ಅವರನ್ನು ಆರು ವರ್ಷಕ್ಕೇ ಚೆಂಡಿನ ಜೊತೆ ಬಿಟ್ಟಿರಬೇಕಿತ್ತು. ಇಪ್ಪತ್ತಕ್ಕೆ ಕರೆತಂದರೆ ಬೋಲ್ಟ್ ಕಥೆಯೇ ಮತ್ತೆ.

ಹಾಗಾದರೆ ಅಮೆರಿಕದ ಹೆಣ್ಣುಮಕ್ಕಳು ಹೇಗೆ ಅಷ್ಟು ಗೆದ್ದರು?

ಒಳ್ಳೆ ಪ್ರಶ್ನೆ. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇಲ್ಲೇ ಇದೆ. 1972ರಲ್ಲಿ ಅಲ್ಲಿ ಟೈಟಲ್ 9 ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವಂತಿಲ್ಲ ಅಂತಾಯಿತು. ಕ್ರೀಡೆಗೂ ಅದು ಅನ್ವಯವಾಯಿತು. ಹೆಣ್ಣುಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ ತಂಡಗಳಿರಲಿಲ್ಲ. ಕಾಲೇಜುಗಳು ಫುಟ್‌ಬಾಲ್ ತಂಡ ಕಟ್ಟಿದವು, ವಿದ್ಯಾರ್ಥಿವೇತನ ಕೊಟ್ಟವು. ಬೇರೆ ದೇಶಗಳು ಆಗಿನ್ನೂ ಹೆಣ್ಣುಮಕ್ಕಳ ಆಟವನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಘವಂತೂ 1921ರಿಂದ ಐವತ್ತು ವರ್ಷ ತನ್ನ ಕ್ಲಬ್‌ಗಳ ಮೈದಾನದಲ್ಲಿ ಅವರಿಗೆ ಆಡಲು ಜಾಗವನ್ನೇ ಕೊಟ್ಟಿರಲಿಲ್ಲ.

ಫಲ ಕಣ್ಣ ಮುಂದಿದೆ. 1991, 1999, 2015, 2019, ನಾಲ್ಕು ವಿಶ್ವಕಪ್. ಅಂದರೆ ದೇಶದ ಒಳ್ಳೆ ಅಥ್ಲೀಟ್‌ಗಳು ದೊಡ್ಡ ಸಂಖ್ಯೆಯಲ್ಲಿ ಒಂದು ಆಟಕ್ಕೆ ಬಂದರೆ ಲಾಭ ಆಗೇ ಆಗುತ್ತದೆ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಯುರೋಪಿನ ದೊಡ್ಡ ಕ್ಲಬ್‌ಗಳು ಹೆಣ್ಣುಮಕ್ಕಳ ತಂಡಗಳಿಗೆ ದುಡ್ಡು ಹಾಕಲು ಶುರು ಮಾಡಿದವು, ಚಿಕ್ಕ ವಯಸ್ಸಿನಿಂದಲೇ ಚೆಂಡಿನ ಪಾಠ ಶುರುವಾಯಿತು. 2023ರಲ್ಲಿ ಅಮೆರಿಕ ಹದಿನಾರರ ಘಟ್ಟದಲ್ಲೇ ಸ್ವೀಡನ್‌ಗೆ ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಯಿತು. ಕಪ್ ಗೆದ್ದದ್ದು ಸ್ಪೇನ್, ಚೆಂಡನ್ನು ಕಾಲಿಂದ ಕಾಲಿಗೆ ದಾಟಿಸುತ್ತಾ ಎದುರಾಳಿಯನ್ನು ಓಡಾಡಿಸುವ ತಂಡ. ಎದುರಿಗಿರುವವರು ಆಟ ಕಲಿಯುವವರೆಗೆ ಮಾತ್ರ ಬರೀ ದೇಹಬಲದ ಮುನ್ನಡೆ ಉಳಿಯುತ್ತದೆ ಅಂತ ನನಗನ್ನಿಸಿದ್ದು ಆ ಟೂರ್ನಿ ನೋಡಿಯೇ. ಅಮೆರಿಕ ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಎದ್ದು ನಿಂತಿತು, ಅದನ್ನೂ ಹೇಳಬೇಕು.

ಜನ ಜಾಸ್ತಿ ಇದ್ದರೆ ಸಾಕು, ಒಳ್ಳೆ ತಂಡ ಆಗುತ್ತದಾ?

ಚೀನಾ ಗಂಡಸರ ವಿಶ್ವಕಪ್ ಆಡಿದ್ದು 2002ರಲ್ಲಿ ಒಂದೇ ಸಲ. ಮೂರು ಪಂದ್ಯ, ಮೂರೂ ಸೋಲು, ಒಂದೂ ಗೋಲಿಲ್ಲ. ಅತ್ತ ಉರುಗ್ವೆ ನೋಡಿ, 35 ಲಕ್ಷದಷ್ಟು ಜನ, 1930 ಮತ್ತು 1950ರಲ್ಲಿ ಎರಡು ವಿಶ್ವಕಪ್. ಕ್ರೊಯೇಷಿಯಾ ಸುಮಾರು 40 ಲಕ್ಷ ಜನರ ದೇಶ. 2018ರಲ್ಲಿ ಫೈನಲ್, 2022ರಲ್ಲಿ ಮೂರನೇ ಸ್ಥಾನ. ಐಸ್‌ಲೆಂಡ್ ಮೂರು ಲಕ್ಷ ಚಿಲ್ಲರೆ ಜನ ಇಟ್ಟುಕೊಂಡು 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿತು.

ವೇಗದ ಕಾಲು ಇದ್ದರೂ ಸಾಲದು. ಓಟದ ಟ್ರ್ಯಾಕ್‌ನಲ್ಲಿ ಜಗತ್ತನ್ನೇ ಆಳಿದ ಜಮೈಕಾ ಗಂಡಸರ ವಿಶ್ವಕಪ್‌ಗೆ ಮೊದಲ ಸಲ ಬಂದದ್ದು 1998ರಲ್ಲಿ. ಅಲ್ಲಿ ಶಾಲಾ ಅಥ್ಲೆಟಿಕ್ಸ್ ಕೂಟವೇ ದೊಡ್ಡ ಹಬ್ಬ. ಜೋರಾಗಿ ಓಡುವ ಹುಡುಗ ಅಲ್ಲಿಗೇ ಹೋಗುತ್ತಾನೆ. ದೂರದ ಓಟದಲ್ಲಿ ಪದಕ ಸೂರೆ ಮಾಡುವ ಕೀನ್ಯಾ ಕೂಡ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರಲ್ಲ. ನ್ಯೂಜಿಲೆಂಡ್‌ನಲ್ಲಿ ಮೊದಲ ಆಯ್ಕೆ ರಗ್ಬಿಯದ್ದು. ಹಾಗಿದ್ದೂ ಅವರ ಫುಟ್‌ಬಾಲ್ ತಂಡ 2010ರ ವಿಶ್ವಕಪ್‌ನಲ್ಲಿ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಇಡೀ ಟೂರ್ನಿಯಲ್ಲಿ ಸೋಲದೆ ಹೋದ ಒಂದೇ ತಂಡ ಅನ್ನಿಸಿಕೊಂಡಿತು. ಕಪ್ ಗೆದ್ದ ಸ್ಪೇನ್ ಕೂಡ ಒಂದು ಪಂದ್ಯ ಸೋತಿತ್ತು!

ಫುಟ್‌ಬಾಲ್ ಬಿಟ್ಟು ಬೇರೆ ಆಟದಲ್ಲಿ ದೊಡ್ಡವರಾದವರು ಇದ್ದಾರಾ?

ಬೇಕಾದಷ್ಟು. ರಫೆಲ್ ನಡಾಲ್ ಚಿಕ್ಕವರಿದ್ದಾಗ ಫುಟ್‌ಬಾಲ್, ಟೆನಿಸ್ ಎರಡನ್ನೂ ಆಡುತ್ತಿದ್ದರು. ಚಿಕ್ಕಪ್ಪ ಮಿಗೆಲ್ ಏಂಜೆಲ್ ನಡಾಲ್ ಬಾರ್ಸಿಲೋನಾ ಆಟಗಾರ. ಹಕೀಮ್ ಒಲಾಜುವಾನ್ ನೈಜೀರಿಯಾದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದರು, ಹ್ಯಾಂಡ್‌ಬಾಲ್ ಆಡುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಮುಟ್ಟಿದ್ದು ಹದಿಹರೆಯದಲ್ಲಿ. ಆಮೇಲೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಬುಟ್ಟಿಯ ಹತ್ತಿರ ಆಡುವ ದೊಡ್ಡ ದೊಡ್ಡ ಸೆಂಟರ್‌ಗಳಲ್ಲಿ ಒಬ್ಬರಾದರು. ಅಷ್ಟೆತ್ತರದ ಮನುಷ್ಯ ಕಾಲನ್ನು ಅಷ್ಟು ಚೆಂದ ಆಡಿಸುವುದು ನೋಡಿದವರಿಗೆ ಹಳೆಯ ಆಟದ ರುಚಿ ಗೊತ್ತಾಗುತ್ತಿತ್ತು. ಎರಡು ಸಲ ಎನ್‌ಬಿಎಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಸ್ಟೀವ್ ನ್ಯಾಶ್ ಕೂಡ ಫುಟ್‌ಬಾಲ್ ಮನೆತನದವರು. ತಮ್ಮ ಮಾರ್ಟಿನ್ ಕೆನಡಾ ತಂಡಕ್ಕೆ ಆಡಿದವರು.

ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಬೆಲ್ಜಿಯಂನ ರೆಮ್ಕೊ ಎವೆನ್‌ಪೂಲ್ ಅವರದ್ದು. ಆಂಡರ್ಲೆಕ್ಟ್, ಪಿಎಸ್‌ವಿ ಐಂಡ್‌ಹೋವನ್ ಅಕಾಡೆಮಿಗಳಲ್ಲಿ ಬೆಳೆದ ಹುಡುಗ, ದೇಶದ ಕಿರಿಯರ ತಂಡಕ್ಕೂ ಆಡಿದವರು. ಫುಟ್‌ಬಾಲ್‌ನಲ್ಲಿ ಮುಂದಕ್ಕೆ ದಾರಿ ಕಾಣಲಿಲ್ಲ. 2017ರಲ್ಲಿ ಸೈಕಲ್ ಹತ್ತಿದರು. ಮರುವರ್ಷವೇ ಜೂನಿಯರ್ ವಿಶ್ವ ಚಾಂಪಿಯನ್, ರಸ್ತೆ ಓಟ ಮತ್ತು ಟೈಮ್ ಟ್ರಯಲ್ ಎರಡರಲ್ಲೂ. 2022ರಲ್ಲಿ ಸ್ಪೇನ್‌ನ ಮೂರು ವಾರದ ಸೈಕಲ್ ಓಟ ವುಯೆಲ್ಟಾ ಗೆದ್ದರು, ಅದೇ ವರ್ಷ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ. ಈಗ ಯೋಚನೆ ಮಾಡಿ. ಇಂಥ ಎದೆಗೂಡು, ಇಂಥ ಕಾಲು ಇರುವವರು ಫುಟ್‌ಬಾಲ್ ಕೈಯಲ್ಲೇ ಇದ್ದರು. ಆದರೂ ಅದಕ್ಕೆ ಬೇಕಾದದ್ದು ಅವರಲ್ಲಿ ಸಾಕಷ್ಟು ಕಾಣಲಿಲ್ಲ. ಫುಟ್‌ಬಾಲ್‌ನ ಜರಡಿ ದೊಡ್ಡದು, ನಿಜ. ಆದರೆ ಅದರ ಕಣ್ಣಿನ ಅಳತೆ ಬೇರೆ.

ಉಲ್ಟಾ ದಾರಿಯಲ್ಲಿ, ಅಂದರೆ ಬೇರೆ ಆಟದಿಂದ ತಡವಾಗಿ ಫುಟ್‌ಬಾಲ್‌ಗೆ ಬಂದು ಗೆದ್ದವರು?

ತೀರಾ ಕಮ್ಮಿ. ಇದೇ ದೊಡ್ಡ ವ್ಯತ್ಯಾಸ. ಬೇರೆ ಆಟಗಳಲ್ಲಿ ಹಾಗಲ್ಲ. ಬ್ರಿಟನ್‌ನಲ್ಲಿ 2007ರಲ್ಲಿ ಎತ್ತರದವರನ್ನು ಹುಡುಕಿ ದೋಣಿಗೆ ಹುಟ್ಟು ಹಾಕುವ ರೋಯಿಂಗ್‌ನಂಥ ಆಟಗಳಿಗೆ ತರುವ ಕಾರ್ಯಕ್ರಮ ಶುರು ಮಾಡಿದರು. ಹೆಲೆನ್ ಗ್ಲೋವರ್ ಅದರಿಂದ ಬಂದವರು. ಹುಟ್ಟು ಹಿಡಿದ ನಾಲ್ಕೈದು ವರ್ಷದಲ್ಲೇ, 2012ರಲ್ಲಿ, ಒಲಿಂಪಿಕ್ ಚಿನ್ನ. ಓಟ, ಜಿಗಿತ, ಎಸೆತ ಸೇರಿ ಏಳು ಸ್ಪರ್ಧೆಗಳ ಹೆಪ್ಟಥ್ಲಾನ್ ಆಡುತ್ತಿದ್ದ ಲಿಜಿ ಯಾರ್ನಾಲ್ಡ್ ಸ್ಕೆಲಿಟನ್ ಅನ್ನುವ ಹಿಮದ ಜಾರುಬಂಡಿ ಆಟಕ್ಕೆ ಹೋಗಿ 2014, 2018ರಲ್ಲಿ ಚಿನ್ನ ಗೆದ್ದರು. ಜೋಯಲ್ ಎಂಬೀಡ್ 15ನೇ ವಯಸ್ಸಿನ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಶುರು ಮಾಡಿ 2023ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಆದರು.

ಈ ಆಟಗಳು ಸುಲಭ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ದೇಹದ ಪಾಲು ದೊಡ್ಡದು, ತಡವಾಗಿ ಬಂದರೂ ದೇಹ ಕೈಹಿಡಿಯುತ್ತದೆ. 15ಕ್ಕೆ ಮೊದಲ ಸಲ ಚೆಂಡು ಒದ್ದು, ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಗೆದ್ದವರು ಯಾರೂ ಇಲ್ಲ. ಕೈಯಲ್ಲಿ ಮಾಡುವುದನ್ನೆಲ್ಲ ಕಾಲಿಗೆ ಕಲಿಸಬೇಕು, ಅದಕ್ಕೆ ಬಾಲ್ಯವೇ ಬೇಕು.

ದುಡ್ಡು ಇರುವ ಕಡೆ ಪ್ರತಿಭೆ ಹೋಗುತ್ತದೆ ಅಲ್ವಾ?

ಹೋಗುತ್ತದೆ, ಆದರೆ ಎಂಟು ವರ್ಷದ ಹುಡುಗ ಸಂಬಳ ನೋಡಿ ಆಟ ಆರಿಸುವುದಿಲ್ಲ. ಸುತ್ತ ಇರುವವರು ಏನು ಆಡುತ್ತಿದ್ದಾರೋ ಅದನ್ನು ಆಡುತ್ತಾನೆ. ಫುಟ್‌ಬಾಲ್‌ಗೆ ಬೇಕಾದದ್ದು ಒಂದು ಚೆಂಡು, ಒಂದಿಷ್ಟು ಜಾಗ. ಚೆಂಡಿಲ್ಲದಿದ್ದರೆ ಚಿಂದಿ ಸುತ್ತಿದ ಉಂಡೆಯಾದರೂ ನಡೆಯುತ್ತದೆ. ಸ್ಕೀ, ಟೆನಿಸ್, ಐಸ್ ಹಾಕಿ, ಈಜು ಇವಕ್ಕೆಲ್ಲ ಮನೆಯವರ ಜೇಬು ಗಟ್ಟಿ ಇರಬೇಕು.

ದುಡ್ಡು ಕೆಲಸ ಮಾಡುವುದು ಆಮೇಲೆ, ಹದಿನೈದು ಹದಿನಾರರಲ್ಲಿ, ಯಾವುದರಲ್ಲಿ ಮುಂದುವರಿಯಬೇಕು ಅಂತ ನಿರ್ಧರಿಸುವಾಗ. ಅಲ್ಲೂ ಫುಟ್‌ಬಾಲ್‌ಗೆ ಅನುಕೂಲ ಇದೆ. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ ಮಾಮೂಲಿ ಒಪ್ಪಂದದವರು 15. ಅಂದರೆ ಸುಮಾರು 450 ಜಾಗ. ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುವವರು ಜಗತ್ತಿನಲ್ಲಿ ಲಕ್ಷಕ್ಕೂ ಹೆಚ್ಚು. ಎಲ್ಲರೂ ಶ್ರೀಮಂತರಲ್ಲ, ಬಹಳಷ್ಟು ಜನಕ್ಕೆ ತಿಂಗಳ ಸಂಬಳ ಸರಿಯಾಗಿ ಬರುವುದೇ ಇಲ್ಲ.

ಕ್ಲಬ್‌ಗಳು ಒಳ್ಳೆ ಹುಡುಗರನ್ನು ಕೈಬಿಡುವುದೂ ಉಂಟಾ?

ಉಂಟು, ಮತ್ತೆ ಮತ್ತೆ ಅದೇ ಕಾರಣಕ್ಕೆ: ಹುಡುಗ ಚಿಕ್ಕವನು ಅಂತ. ಲೂಕಾ ಮೊಡ್ರಿಚ್‌ರನ್ನು ಬಾಲ್ಯದಲ್ಲಿ ಹೈಡುಕ್ ಸ್ಪ್ಲಿಟ್ ಕ್ಲಬ್ ತೆಗೆದುಕೊಳ್ಳಲಿಲ್ಲ, ಮೈಯಲ್ಲಿ ಕಸುವಿಲ್ಲ ಅಂದಿತು. 2018ರಲ್ಲಿ ಅವರು ಬ್ಯಾಲನ್ ಡಿ'ಓರ್ ಗೆದ್ದರು. ಗ್ರೀಜ್ಮನ್‌ಗೆ ಫ್ರಾನ್ಸ್‌ನ ಕ್ಲಬ್‌ಗಳು ಬಾಗಿಲು ಹಾಕಿದವು, ಸ್ಪೇನ್‌ನ ರಿಯಲ್ ಸೊಸೈಡಾಡ್ ಕರೆದುಕೊಂಡಿತು. ಜೇಮಿ ವಾರ್ಡಿಯನ್ನು ಹದಿಹರೆಯದಲ್ಲಿ ಶೆಫೀಲ್ಡ್ ವೆನ್ಸ್‌ಡೇ ಬಿಟ್ಟಿತು. ಕೆಳ ಹಂತದ ಲೀಗ್‌ಗಳಲ್ಲಿ ತಿರುಗಾಡಿ, 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದರು.

ಇದಕ್ಕೆ ಇನ್ನೊಂದು ಕಾಣದ ಮುಖ ಇದೆ, ಹುಟ್ಟಿದ ತಿಂಗಳು. ವಯಸ್ಸಿನ ಗುಂಪು ಮಾಡುವಾಗ ಒಂದು ತಾರೀಖು ಇಟ್ಟುಕೊಳ್ಳುತ್ತಾರೆ, ಜನವರಿ 1 ಅಂತಿಟ್ಟುಕೊಳ್ಳಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಂಬತ್ತು ವರ್ಷದವರಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಅಂದರೆ ಎತ್ತರ, ತೂಕ, ವೇಗ ಎಲ್ಲದರಲ್ಲೂ ಕಣ್ಣಿಗೆ ಹೊಡೆಯುತ್ತದೆ. ಕೋಚ್ ದೊಡ್ಡವನನ್ನು ಪ್ರತಿಭಾವಂತ ಅಂದುಕೊಳ್ಳುತ್ತಾನೆ, ಅವನಿಗೆ ಒಳ್ಳೆ ತರಬೇತಿ ಸಿಗುತ್ತದೆ, ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಅಕಾಡೆಮಿಗಳ ಪಟ್ಟಿ ತೆಗೆದು ನೋಡಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಐಸ್ ಹಾಕಿಯಲ್ಲೂ ಇದೇ ಕಥೆ. ತಮಾಷೆ ನೋಡಿ, ದೇಹಕ್ಕೆ ಎರಡನೇ ಸ್ಥಾನ ಕೊಡುವ ಆಟವೇ ಮಕ್ಕಳ ವಿಚಾರದಲ್ಲಿ ದೇಹ ನೋಡಿ ಮೋಸ ಹೋಗುತ್ತದೆ.

ಸುಮ್ನೆ ತಾಗಿದರೂ ಬಿದ್ದು ಹೊರಳಾಡುವವರು ಅಥ್ಲೀಟ್‌ಗಳಾ?

ಹೊರಳಾಟ ನಟನೆ, ಅದನ್ನು ಸಮರ್ಥಿಸುವ ಉಸಾಬರಿ ನನಗೆ ಬೇಡ. ಫೌಲ್ ಸಿಕ್ಕರೆ ಲಾಭ ಇರುವವರೆಗೆ ಅದು ನಿಲ್ಲುವುದೂ ಇಲ್ಲ.

ಈಗಿನ ಫುಟ್‌ಬಾಲ್‌ನಲ್ಲಿ ದೇಹಬಲಕ್ಕೆ ಬೆಲೆ ಜಾಸ್ತಿ ಆಗಿದೆಯಾ?

ಖಂಡಿತ. ಪ್ರೀಮಿಯರ್ ಲೀಗ್‌ನಲ್ಲಿ 2006-07ರಿಂದ 2012-13ರ ನಡುವೆ ಒಟ್ಟು ಓಡಿದ ದೂರ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಜೋರಾಗಿ ಓಡಿದ ದೂರ ಸುಮಾರು 30 ಶೇಕಡಾ, ಸ್ಪ್ರಿಂಟ್ ಮಾಡಿದ ದೂರ ಸುಮಾರು 35 ಶೇಕಡಾ ಏರಿತು. ಚೆಂಡು ಕಳೆದುಕೊಂಡ ಕೂಡಲೇ ಮುಗಿಬಿದ್ದು ಕಿತ್ತುಕೊಳ್ಳುವ ಪ್ರೆಸಿಂಗ್ ಆಟ ಹಬ್ಬಿದ ಮೇಲೆ ಇದು ಇನ್ನೂ ಬಿರುಸಾಯಿತು. ಬದಲಿ ಆಟಗಾರರು ಮೂರರಿಂದ ಐದಕ್ಕೆ ಏರಿರುವುದರಿಂದ ಕೋಚ್‌ಗಳು ಕೊನೆಯ ಅರ್ಧ ಗಂಟೆಗೆ ತಾಜಾ ಕಾಲುಗಳನ್ನು ಇಳಿಸುತ್ತಾರೆ.

ಅರ್ಲಿಂಗ್ ಹಾಲಂಡ್ ಈ ಹೊಸ ಕಾಲದ ಆಟಗಾರ. ತಂದೆ ಫುಟ್‌ಬಾಲ್ ಆಟಗಾರ, ತಾಯಿ ಹೆಪ್ಟಥ್ಲಾನ್ ಸ್ಪರ್ಧಿ. ಸುಮಾರು 195 ಸೆಂ.ಮೀ. ಎತ್ತರ, ಆದರೂ ಸ್ಪ್ರಿಂಟರ್ ಥರ ಓಡುತ್ತಾರೆ. ಹಿಂದೆ ಅಷ್ಟೆತ್ತರದವರನ್ನು ಗೋಲ್ ಮುಂದೆ ನಿಲ್ಲಿಸಿ ತಲೆಗೆ ಚೆಂಡು ಹಾಕುತ್ತಿದ್ದರು. ಹಾಗಂತ ಚಿಕ್ಕ ದೇಹದವರ ಕಾಲ ಮುಗಿಯಿತು ಅಂದುಕೊಳ್ಳಬೇಡಿ. ಎನ್'ಗೊಲೊ ಕಾಂಟೆ 170 ಸೆಂ.ಮೀ. ಕೂಡ ಇಲ್ಲ, 2018ರ ವಿಶ್ವಕಪ್ ಗೆದ್ದ ತಂಡದಲ್ಲಿ ಅರ್ಧ ಮೈದಾನ ಅವರೊಬ್ಬರೇ ಕಾಯುತ್ತಿದ್ದರು.

ಗೋಲ್‌ಕೀಪರ್‌ಗಳನ್ನು ಬೇರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ?

ಹೌದು. ಫುಟ್‌ಬಾಲ್ ತಂಡದಲ್ಲಿ ಎತ್ತರ, ಕೈ ಉದ್ದ, ಜಿಗಿತ ಇವು ನೇರವಾಗಿ ಬೆಲೆ ಪಡೆಯುವ ಜಾಗ ಅದು. ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಲಿಬಾಲ್ ಆಡುವವರ ದೇಹಕ್ಕೂ ಇವರ ದೇಹಕ್ಕೂ ಹೋಲಿಕೆ ಜಾಸ್ತಿ. ಬೇರೆ ಆಟಗಳ ಜೊತೆ ಫುಟ್‌ಬಾಲ್ ನಿಜಕ್ಕೂ ಒಂದೇ ಹುಡುಗನಿಗಾಗಿ ಕಿತ್ತಾಡುವುದು ಇಲ್ಲಿ.

ಎಲ್ಲ ಆಟ ಹೋಲಿಸಿ ಯಾರಾದರೂ ಪಟ್ಟಿ ಮಾಡಿದ್ದಾರಾ?

ಅಮೆರಿಕದ ಕ್ರೀಡಾ ಚಾನೆಲ್ ಇಎಸ್‌ಪಿಎನ್ 2004ರಲ್ಲಿ ಮಾಡಿತ್ತು. 60 ಆಟ, ದಮ್ಮು, ಶಕ್ತಿ, ವೇಗ, ಧೈರ್ಯ ಹೀಗೆ 10 ಗುಣ, ತಜ್ಞರ ತಂಡ ಅಂಕ ಕೊಟ್ಟಿತು. ಬಾಕ್ಸಿಂಗ್ ಮೊದಲು ಬಂತು. ಫುಟ್‌ಬಾಲ್ ಹತ್ತನೆಯದು. ಹತ್ತೂ ಗುಣಕ್ಕೆ ಒಂದೇ ತೂಕ ಕೊಟ್ಟು ಕೂಡಿಸಿದ ಪಟ್ಟಿ ಅದು, ಮಾತಿಗೆ ಒಳ್ಳೆ ವಸ್ತು, ತೀರ್ಪು ಅಂತ ಹಿಡಿಯಲಾಗದು.

ಸರಿ, ನಿಮ್ಮ ಪ್ರಕಾರ ಅತ್ಯುತ್ತಮ ಅಥ್ಲೀಟ್‌ಗಳು ಎಲ್ಲಿದ್ದಾರೆ?

ಬರೀ ದೇಹದ ಮಾತಾದರೆ ನನ್ನ ಓಟು ಡೆಕಥ್ಲಾನ್ ಮತ್ತು ಹೆಪ್ಟಥ್ಲಾನ್‌ಗೆ. ಡೆಕಥ್ಲಾನ್ ಅಂದರೆ ಎರಡು ದಿನದಲ್ಲಿ ಹತ್ತು ಸ್ಪರ್ಧೆ: ಓಟ, ಜಿಗಿತ, ಎಸೆತ, ಕೊನೆಗೆ ಕಾಲು ಸೋತಿರುವಾಗ 1500 ಮೀಟರ್. ಫ್ರಾನ್ಸ್‌ನ ಕೆವಿನ್ ಮೇಯರ್ 2018ರಲ್ಲಿ 9126 ಅಂಕ ಗಳಿಸಿ ವಿಶ್ವದಾಖಲೆ ಮಾಡಿದರು. ಅಂಥ ಎಲ್ಲ ಬಲ್ಲ ದೇಹ ಫುಟ್‌ಬಾಲ್ ಮೈದಾನದಲ್ಲಿ ನಿಮಗೆ ಕಾಣುವುದಿಲ್ಲ. ಇನ್ನು ತಂಡದ ಆಟಗಳಲ್ಲಿ, ವೇಗ, ಎತ್ತರ, ಜಿಗಿತ ಮೂರೂ ಒಂದೇ ದೇಹದಲ್ಲಿ ಕೂಡಿಬರುವುದು ಎನ್‌ಬಿಎಯಲ್ಲಿ. ಆದರೆ ಅಲ್ಲಿನ ಸರಾಸರಿ ಎತ್ತರ ಸುಮಾರು 198 ಸೆಂ.ಮೀ. ಜಗತ್ತಿನ ಬಹುಪಾಲು ಜನರಿಗೆ ಆ ಬಾಗಿಲು ಹುಟ್ಟಿದಾಗಲೇ ಮುಚ್ಚಿರುತ್ತದೆ. ಫುಟ್‌ಬಾಲ್‌ನಲ್ಲಿ 165ಕ್ಕೂ ಜಾಗ ಇದೆ, 195ಕ್ಕೂ ಜಾಗ ಇದೆ. ಒಂದೇ ಆಟ ಇಷ್ಟು ಬಗೆಯ ದೇಹಗಳನ್ನು ಒಳಗೆ ಬಿಟ್ಟುಕೊಂಡರೆ ಅದಕ್ಕೆ ಒಂದೇ ಅಳತೆಯಲ್ಲಿ ಮೊದಲ ಸ್ಥಾನ ಸಿಗುವುದು ಕಷ್ಟವೇ.

ನಮ್ಮ ಮಗು ಓಟದಲ್ಲಿ ಎಲ್ಲರಿಗಿಂತ ಮುಂದೆ. ಫುಟ್‌ಬಾಲ್‌ಗೆ ಹಾಕಲಾ, ಅಥ್ಲೆಟಿಕ್ಸ್‌ಗಾ?

ಹತ್ತು ವರ್ಷದೊಳಗಿದ್ದರೆ ಎರಡಕ್ಕೂ. ಓಟದಲ್ಲಿ ಈಗಿನ ಮುನ್ನಡೆ ಮೈ ಬೇಗ ಬೆಳೆದದ್ದರಿಂದ ಬಂದಿರಬಹುದು. ಹದಿನಾಲ್ಕಕ್ಕೆ ಉಳಿದವರೂ ಸರಿಸಮ ಆಗಬಹುದು. ಚೆಂಡಿನ ಅಭ್ಯಾಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಓಟವನ್ನು ಹದಿನೈದಕ್ಕೆ ಶುರು ಮಾಡಿದರೂ ನಡೆಯುತ್ತದೆ, ಚೆಂಡಿಗೆ ಅಷ್ಟು ತಾಳ್ಮೆ ಇಲ್ಲ. ಮೈದಾನದಲ್ಲಿ ನೋಡುವಾಗ ಮಗು ಎಷ್ಟು ಜೋರಾಗಿ ಓಡುತ್ತೆ ಅನ್ನುವುದಕ್ಕಿಂತ, ಚೆಂಡು ಕಾಲಿಗೆ ಬರುವ ಮೊದಲೇ ಆಚೆ ಈಚೆ ಕತ್ತು ತಿರುಗಿಸಿ ನೋಡುತ್ತಾ ಅಂತ ಗಮನಿಸಿ. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕರು ವರ್ಷಗಟ್ಟಲೆ ಇದನ್ನೇ ಎಣಿಸಿದ್ದಾರೆ. ಜಾಸ್ತಿ ಸಲ ಕತ್ತು ತಿರುಗಿಸಿ ನೋಡುವವರ ಪಾಸ್‌ಗಳು ಜಾಸ್ತಿ ಸರಿಯಾಗಿ ಮುಟ್ಟುತ್ತವೆ ಅಂತ ಅವರ ಲೆಕ್ಕ ಹೇಳುತ್ತದೆ. ಈ ಅಭ್ಯಾಸ ಇದ್ದು ಓಟವೂ ಇದ್ದರೆ ಒಂದು ಒಳ್ಳೆ ಕ್ಲಬ್ ಹುಡುಕಿ. ಓಟ ಮಾತ್ರ ಇದ್ದು ಚೆಂಡು ಕಂಡರೆ ಬೇಜಾರು ಅಂದರೆ ಟ್ರ್ಯಾಕ್‌ಗೆ ಕಳಿಸಿ.